ಮುಂಬಯಿಯಲ್ಲಿ ಮನೆ, ಬಾಡಿಗೆ ಮತ್ತು ಲೋಕಲ್ ಗಾಡಿ

ಅನ್ನ, ವಸ್ತ್ರ, ವಸತಿ—ಈ ಮೂರೂ ಮನುಷ್ಯನ ಬಾಳಿಗೆ ಅತ್ಯವಶ್ಯವಾದುವೆಂದು ನಾವು ಪಾಠಪುಸ್ತಕಗಳಲ್ಲಿ ಓದುತ್ತೇವೆ. ಮುಂಬಯಿಯಲ್ಲಿ ಬಾಳುವವರು ಇವುಗಳ ಜೊತೆಗೆ ನಾಲ್ಕನೆಯದೊಂದನ್ನು ಸೇರಿಸಬೇಕಾಗುತ್ತದೆ. ಅದು ಸಂಚಾರ. ಏಕೆಂದರೆ ಈ ಮಹಾನಗರದಲ್ಲಿ ಅನ್ನ ಸಂಪಾದಿಸುವ ಸ್ಥಳವೊಂದು, ರಾತ್ರಿ ತಲೆಯಿಡುವ ಸ್ಥಳವಿನ್ನೊಂದು. ಇವೆರಡರ ನಡುವಣ ದಾರಿಯನ್ನು ದಿನಕ್ಕೆ ಎರಡು ಬಾರಿ ಸವೆಸದೆ ಲಕ್ಷಾಂತರ ಜನರಿಗೆ ಗತ್ಯಂತರವಿಲ್ಲ.

ನಮ್ಮಲ್ಲಿ ಅನೇಕರು ಒಂದೇ ಖೋಲಿಯ ಮನೆಯಲ್ಲಿ ಐದಾರು ಮಂದಿಯೊಡನೆ ಬೆಳೆಯುತ್ತಿರುವವರು. ಕೆಲವರ ತಂದೆಯವರು ಮಕ್ಕಳು ಏಳುವ ಮೊದಲೇ ಗಾಡಿ ಹಿಡಿಯಲು ಹೊರಟು, ಮಕ್ಕಳು ಮಲಗಿದ ಮೇಲೆ ಮನೆ ಸೇರುತ್ತಾರೆ. ಕೆಲವರ ಗೆಳೆಯರು ವರ್ಷದ ನಡುವೆ ಶಾಲೆ ಬಿಡುತ್ತಾರೆ. ಬಾಡಿಗೆಯ ಕರಾರು ಮುಗಿದು ದೂರದ ಉಪನಗರಕ್ಕೆ ಹೋದರೆಂದು ಆಮೇಲೆ ತಿಳಿಯುತ್ತದೆ. ಇವೆಲ್ಲ ಅವರವರ ಹಣೆಬರಹವೆಂದು ಸುಮ್ಮನಿರುವುದು ವಾಡಿಕೆ. ಆದರೆ ಇವುಗಳ ಹಿಂದೆ ಭೂಗೋಲವಿದೆ, ಇತಿಹಾಸವಿದೆ, ಕಾಯಿದೆಯಿದೆ, ತಕ್ಕಮಟ್ಟಿಗೆ ಗಣಿತವೂ ಇದೆ. ಮನೆ ಏಕೆ ಚಿಕ್ಕದು, ಬಾಡಿಗೆ ಏಕೆ ದೊಡ್ಡದು, ಗಾಡಿಯಲ್ಲಿ ಕಾಲಿಡಲು ಏಕೆ ಸ್ಥಳವಿಲ್ಲ—ಈ ಮೂರು ಪ್ರಶ್ನೆಗಳು ಬೇರೆ ಬೇರೆಯಾಗಿ ಕಂಡರೂ ನಿಜವಾಗಿ ಒಂದೇ ಪ್ರಶ್ನೆಯ ಮೂರು ಮುಖಗಳೆಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ನೆಲದ ರೂಪ

ಇಂದಿನ ಮುಂಬಯಿಯು ಮೊದಲು ಏಳು ಸಣ್ಣ ದ್ವೀಪಗಳ ಗುಂಪಾಗಿತ್ತು. ಕೊಲಾಬಾ, ಚಿಕ್ಕ ಕೊಲಾಬಾ, ಮುಂಬಯಿ, ಮಝಗಾಂವ್, ಪರೇಲ, ವರಳಿ, ಮಾಹಿಮ ಎಂಬಿವೇ ಆ ದ್ವೀಪಗಳು. ಪೋರ್ತುಗೀಜ ರಾಜಕುಮಾರಿಗೂ ಇಂಗ್ಲೆಂಡಿನ ಅರಸನಾದ ಎರಡನೆಯ ಚಾರ್ಲ್ಸನಿಗೂ ನಡೆದ ವಿವಾಹದ ಸಂಬಂಧವಾಗಿ ೧೬೬೧ರಲ್ಲಿ ಆದ ಒಪ್ಪಂದದಂತೆ ಇವು ಬಳುವಳಿಯಾಗಿ ಆಂಗ್ಲರ ಪಾಲಾದುವು. ೧೬೬೮ರಲ್ಲಿ ಚಾರ್ಲ್ಸನು ಇವನ್ನು ಈಸ್ಟ್ ಇಂಡಿಯಾ ಕಂಪೆನಿಗೆ ವರ್ಷಕ್ಕೆ ೧೦ ಪೌಂಡುಗಳ ಬಾಡಿಗೆಗೆ ವಹಿಸಿಕೊಟ್ಟನು. ಬಾಡಿಗೆಯ ಭಾರದಿಂದ ಬಳಲುವ ಈ ನಗರವು ತಾನೇ ಒಂದು ಕಾಲದಲ್ಲಿ ಇಷ್ಟು ಅಗ್ಗದ ಬಾಡಿಗೆಗೆ ಹೋಗಿತ್ತೆಂಬುದು ವಿನೋದದ ಸಂಗತಿ.

ಆಮೇಲಿನ ಎರಡು ಶತಮಾನಗಳಲ್ಲಿ ದ್ವೀಪಗಳ ನಡುವಣ ನೀರನ್ನು ಒಡ್ಡು ಕಟ್ಟಿ ತಡೆದು, ಕೆಸರುನೆಲವನ್ನು ತುಂಬಿ, ಒಂದೇ ನೆಲವನ್ನಾಗಿ ಮಾಡಲಾಯಿತು. ಹೀಗಾದ ನೆಲವಾದರೂ ಎಂಥದು? ಉದ್ದವಾಗಿ, ಕಿರಿದಾಗಿ, ದಕ್ಷಿಣದ ಕಡೆಗೆ ಚಾಚಿದ ಕೈಯಂತಹುದು. ಕೋಟೆಯೂ ಬಂದರವೂ ಈ ಕೈಯ ತುದಿಯಲ್ಲಿ ಇದ್ದುದರಿಂದ ವ್ಯಾಪಾರ, ಕಚೇರಿ, ಬ್ಯಾಂಕು ಎಲ್ಲವೂ ಅಲ್ಲಿಯೇ ಬೆಳೆದುವು.

ಇದರ ಪರಿಣಾಮವನ್ನು ತಿಳಿಯಲು ಬೆಂಗಳೂರನ್ನು ನೆನೆಯಬೇಕು. ಬೆಂಗಳೂರು ಪ್ರಸ್ಥಭೂಮಿಯ ಮೇಲಿನ ಊರು. ಅದು ನಾಲ್ಕು ದಿಕ್ಕಿಗೂ ಹರಡಬಲ್ಲುದು. ಕೇಂದ್ರದಿಂದ ೧೦ ಕಿಲೋಮೀಟರಿನ ತ್ರಿಜ್ಯದಲ್ಲಿ ವೃತ್ತವನ್ನೆಳೆದರೆ ಅದರ ವಿಸ್ತೀರ್ಣವು ಸುಮಾರು ೩೧೪ ಚದರ ಕಿಲೋಮೀಟರು. ಮುಂಬಯಿಯ ಕೋಟೆಯ ಭಾಗವನ್ನು ಕೇಂದ್ರವಾಗಿಟ್ಟು ಅದೇ ವೃತ್ತವನ್ನೆಳೆದರೆ ಅದರ ಬಹುಭಾಗವು ಸಮುದ್ರದ ಪಾಲಾಗುತ್ತದೆ. ಕೊಲಾಬಾದಿಂದ ಮಾಹಿಮ-ಶೀವದವರೆಗಿನ ಇಡೀ ದ್ವೀಪನಗರದ ವಿಸ್ತೀರ್ಣವೇ ಸುಮಾರು ೬೮ ಚದರ ಕಿಲೋಮೀಟರು. ಆದುದರಿಂದ ಕೆಲಸದ ಸ್ಥಳಕ್ಕೆ ಸಮೀಪದಲ್ಲಿ ಮನೆ ಮಾಡಬೇಕೆನ್ನುವವರು ಅಸಂಖ್ಯ. ಇರುವ ನೆಲ ಅತ್ಯಲ್ಪ. ಬೇಕೆನ್ನುವವರು ಹೆಚ್ಚಿ ವಸ್ತು ಕಡಮೆಯಾದರೆ ಬೆಲೆಯೇರುವುದೆಂಬ ಅರ್ಥಶಾಸ್ತ್ರದ ಮೊದಲನೆಯ ಪಾಠವು ಇಲ್ಲಿ ನಮಗೆ ಪ್ರತ್ಯಕ್ಷವಾಗುತ್ತದೆ. ಊರು ಬೆಳೆಯಲು ಉಳಿದುದು ಉತ್ತರದ ದಿಕ್ಕೊಂದೇ.

ಚಾಳುಗಳ ಕಾಲ

೧೮೫೩ನೆಯ ಏಪ್ರಿಲ್ ೧೬ರಂದು ಬೋರಿಬಂದರದಿಂದ ಠಾಣೆಗೆ ೩೪ ಕಿಲೋಮೀಟರು ದೂರ ಈ ದೇಶದ ಮೊದಲನೆಯ ಪ್ರಯಾಣಿಕರ ರೈಲುಗಾಡಿ ಓಡಿತು. ಅದರ ಮರುವರ್ಷವೇ ಇಲ್ಲಿಯ ಮೊದಲನೆಯ ಹತ್ತಿಯ ಗಿರಣಿಯ ಸ್ಥಾಪನೆಗೆ ಕಾವಸಜಿ ದಾವರ ಎಂಬವರು ಕೈಹಾಕಿದರು. ಅಮೆರಿಕದಲ್ಲಿ ೧೮೬೧ರಿಂದ ೧೮೬೫ರವರೆಗೆ ನಡೆದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿಯ ರಫ್ತು ನಿಂತಾಗ ಮುಂಬಯಿಯ ಹತ್ತಿಗೆ ಬಂಗಾರದ ಬೆಲೆ ಬಂದಿತು. ಗಿರಣಿಗಳು ಒಂದರ ಹಿಂದೊಂದು ಎದ್ದುವು. ಕೊಂಕಣದಿಂದ, ಘಟ್ಟದಿಂದ, ಗುಜರಾತದಿಂದ ಕೆಲಸಗಾರರು ಬಂದರು. ಧಾರವಾಡ, ಬೆಳಗಾಂವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ೧೯೫೬ರವರೆಗೂ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಅಲ್ಲಿಯ ಕನ್ನಡಿಗರಿಗೆ ಇದು ರಾಜಧಾನಿಯೇ ಆಗಿತ್ತು. ದಕ್ಷಿಣ ಕನ್ನಡದವರು ಹಡಗು ಹತ್ತಿ ಬಂದು ಹೋಟೆಲುಗಳಲ್ಲಿ, ಬಂದರದಲ್ಲಿ, ಕಚೇರಿಗಳಲ್ಲಿ ದುಡಿದರು.

ಬಂದವರಿಗೆ ಮನೆಯೆಲ್ಲಿ? ಅಂದು ಗಿರಣಿಯ ಕೆಲಸಗಾರನು ನಡೆದೇ ಕೆಲಸಕ್ಕೆ ಹೋಗಬೇಕಾಗಿತ್ತು. ಆದುದರಿಂದ ಗಿರಣಿಯ ಭೋಂಗಾ ಕೇಳಿಸುವಷ್ಟು ದೂರದಲ್ಲಿಯೇ ಮನೆ ಬೇಕು. ಪರೇಲ, ಲಾಲ್‌ಬಾಗ್, ಭಾಯಖಳಾ, ಗಿರಗಾಂವ್ ಭಾಗಗಳಲ್ಲಿ ಚಾಳುಗಳು ಎದ್ದುದು ಹೀಗೆ. ಒಂದು ಉದ್ದನೆಯ ಪಡಸಾಲೆ, ಅದರ ಬದಿಗೆ ಸಾಲಾಗಿ ಖೋಲಿಗಳು, ತುದಿಯಲ್ಲಿ ಎಲ್ಲರಿಗೂ ಸೇರಿದ ನಲ್ಲಿ ಮತ್ತು ಶೌಚಗೃಹ—ಇದೇ ಚಾಳಿನ ವಿನ್ಯಾಸ. ಅನೇಕ ಖೋಲಿಗಳಲ್ಲಿ ಒಂದು ಸಂಸಾರವಲ್ಲ, ಪಾಳಿಯ ಮೇಲೆ ಮಲಗುವ ಹತ್ತು ಹನ್ನೆರಡು ಮಂದಿ ಗಂಡಸರು ವಾಸಿಸುತ್ತಿದ್ದರು.

೧೮೯೬ರಲ್ಲಿ ಪ್ಲೇಗು ರೋಗವು ಈ ಇಕ್ಕಟ್ಟಿನಲ್ಲಿ ಕಾಳ್ಗಿಚ್ಚಿನಂತೆ ಹಬ್ಬಿತು. ಜನರು ನಗರ ಬಿಟ್ಟು ಓಡಿದರು, ಗಿರಣಿಗಳು ಬರಿದಾದುವು. ಅಂದಿನ ಸರಕಾರಕ್ಕೆ ಆಗ ಎಚ್ಚರವಾಯಿತು. ೧೮೯೮ರಲ್ಲಿ ನಗರ ಸುಧಾರಣಾ ಟ್ರಸ್ಟ್ ಸ್ಥಾಪಿತವಾಗಿ, ಗಾಳಿಗಾಗಿ ಹೊಸ ರಸ್ತೆಗಳನ್ನು ತೆಗೆಯಿತು. ದಾದರ, ಮಾಟುಂಗಾ, ಶೀವಗಳಲ್ಲಿ ಹೊಸ ಬಡಾವಣೆಗಳನ್ನು ರೂಪಿಸಿತು. ದಕ್ಷಿಣ ಭಾರತದ ಗುಮಾಸ್ತರೂ ಶಿಕ್ಷಕರೂ ಮಾಟುಂಗಾದಲ್ಲಿ ನೆಲೆಯೂರಿದುದು ಈ ಬಡಾವಣೆಗಳಿಂದಲೇ. ೧೯೨೬ರಲ್ಲಿ ಆರಂಭವಾದ ಮೈಸೂರು ಅಸೋಸಿಯೇಶನ್ನಿನ ಮನೆ ಇಂದಿಗೂ ಅಲ್ಲಿಯೇ ಇದೆ. ಮನೆ ಎಲ್ಲಿ ದೊರೆಯುತ್ತದೆಯೋ ಅಲ್ಲಿ ಸಂಘವೂ ಶಾಲೆಯೂ ಭಾಷೆಯೂ ಬೇರು ಬಿಡುತ್ತವೆಂಬುದಕ್ಕೆ ಇದು ನಿದರ್ಶನ.

ಆದರೆ ಸುಧಾರಣೆಗೆಂದು ಕೆಡವಿದ ಹಳೆಯ ಮನೆಗಳ ಬಡವರಿಗೆಲ್ಲ ಹೊಸ ಮನೆ ಸಿಗಲಿಲ್ಲ. ಅವರು ನೆರೆಯ ಚಾಳುಗಳಲ್ಲಿ ಮತ್ತಷ್ಟು ಒತ್ತಾಗಿ ಸೇರಿಕೊಂಡರು. ಬಳಿಕ ೧೯೨೦ರಲ್ಲಿ ಸ್ಥಾಪಿತವಾದ ಮುಂಬಯಿ ಅಭಿವೃದ್ಧಿ ಇಲಾಖೆಯು ವರಳಿ, ನಾಯಗಾಂವ್, ಶಿವಡಿ ಮತ್ತು ಈಗಿನ ನಾ. ಮ. ಜೋಶಿ ಮಾರ್ಗಗಳಲ್ಲಿ ೨೦೭ ಕಟ್ಟಡಗಳನ್ನು ಕಟ್ಟಿಸಿತು. ಇವೇ ಬಿ. ಡಿ. ಡಿ. ಚಾಳುಗಳು. ಪ್ರತಿಯೊಂದು ಕಟ್ಟಡಕ್ಕೆ ನಾಲ್ಕು ಅಂತಸ್ತು, ೮೦ ಖೋಲಿಗಳು. ಪ್ರತಿಯೊಂದು ಖೋಲಿಯ ವಿಸ್ತೀರ್ಣ ೧೬೦ ಚದರ ಅಡಿ.

ಸಾಂದ್ರತೆ ಬೇರೆ, ಇಕ್ಕಟ್ಟು ಬೇರೆ

ಇಲ್ಲಿ ಒಂದು ಮುಖ್ಯವಾದ ಭೇದವನ್ನು ಗಮನಿಸಬೇಕು. ಒಂದು ಚದರ ಕಿಲೋಮೀಟರು ನೆಲದ ಮೇಲೆ ಎಷ್ಟು ಜನರಿದ್ದಾರೆಂಬುದು ಜನಸಾಂದ್ರತೆ. ಒಂದು ಖೋಲಿಯೊಳಗೆ ಎಷ್ಟು ಜನರಿದ್ದಾರೆಂಬುದು ಇಕ್ಕಟ್ಟು. ಇವೆರಡೂ ಒಂದೇ ಎಂದು ಭಾವಿಸುವುದರಿಂದ ಅನೇಕ ತಪ್ಪು ತೀರ್ಮಾನಗಳಾಗುತ್ತವೆ.

೨೦೧೧ರ ಜನಗಣತಿಯಂತೆ ಬೃಹನ್ಮುಂಬಯಿಯ ಜನಸಂಖ್ಯೆ ೧,೨೪,೪೨,೩೭೩. ವಿಸ್ತೀರ್ಣ ೬೦೩ ಚದರ ಕಿಲೋಮೀಟರು. ಭಾಗಿಸಿ ನೋಡಿದರೆ ಒಂದು ಚದರ ಕಿಲೋಮೀಟರಿಗೆ ೨೦,೬೦೦ಕ್ಕೂ ಹೆಚ್ಚು ಜನರಾಗುತ್ತಾರೆ. ಎಂದರೆ ತಲೆಗೆ ಸುಮಾರು ೪೮ ಚದರ ಮೀಟರು ನೆಲ. ಈ ೪೮ ಚದರ ಮೀಟರಿನಲ್ಲಿಯೇ ಆ ಮನುಷ್ಯನ ಮನೆ, ಅವನು ನಡೆಯುವ ರಸ್ತೆ, ಹತ್ತುವ ರೈಲು, ಓದುವ ಶಾಲೆ, ಆಡುವ ಬಯಲು, ದುಡಿಯುವ ಕಾರಖಾನೆ, ಆಸ್ಪತ್ರೆ, ವಿಮಾನ ನಿಲ್ದಾಣ, ಬೋರಿವಲಿಯ ಅರಣ್ಯ ಎಲ್ಲವೂ ಅಡಕವಾಗಬೇಕು. ಮನೆಗೆ ಉಳಿಯುವ ನೆಲವೆಷ್ಟೆಂಬುದನ್ನು ಊಹಿಸಬಹುದು.

ಇನ್ನು ಇಕ್ಕಟ್ಟನ್ನು ನೋಡೋಣ. ಬಿ. ಡಿ. ಡಿ. ಚಾಳಿನ ೧೬೦ ಚದರ ಅಡಿಯ ಖೋಲಿಯಲ್ಲಿ ಐವರಿದ್ದರೆ ಒಬ್ಬೊಬ್ಬರಿಗೆ ೩೨ ಚದರ ಅಡಿ. ಒಂದು ಚಾಪೆ ಹಾಸಲು ಸುಮಾರು ೧೫ ಚದರ ಅಡಿ ಬೇಕು. ಉಳಿದುದರಲ್ಲಿ ಒಲೆ, ಪಾತ್ರೆ, ಪೆಟ್ಟಿಗೆ, ಪುಸ್ತಕ ಎಲ್ಲವೂ ಸೇರಬೇಕು. ಇದೇ ಚಾಳುಗಳನ್ನು ಈಗ ಒಂದೊಂದಾಗಿ ಕೆಡವಿ ಎತ್ತರದ ಕಟ್ಟಡಗಳನ್ನು ಕಟ್ಟಲಾಗುತ್ತಿದೆ; ಹಳೆಯ ನಿವಾಸಿಗಳಿಗೆ ೫೦೦ ಚದರ ಅಡಿಯ ಮನೆಗಳು ದೊರೆಯುತ್ತಿವೆ. ವರಳಿಯಲ್ಲಿ ಮೊದಲ ಕಂತಿನ ಮನೆಗಳ ಕೀಲಿಕೈಗಳನ್ನು ೨೦೨೫ರ ಆಗಸ್ಟ್ ತಿಂಗಳಲ್ಲಿ ಹಂಚಲಾಯಿತು. ಅದೇ ನೆಲ, ಅದೇ ಜನ. ಆದರೆ ಐವರ ಸಂಸಾರದಲ್ಲಿ ಒಬ್ಬೊಬ್ಬರಿಗೆ ೧೦೦ ಚದರ ಅಡಿ ದೊರೆಯಿತು. ಸಾಂದ್ರತೆಯು ಕಡಮೆಯಾಗದೆಯೇ ಇಕ್ಕಟ್ಟು ತಗ್ಗಿತು. ಎತ್ತರಕ್ಕೆ ಕಟ್ಟುವುದರಿಂದ ಆಗುವ ಲಾಭವಿದು.

ಹಾಗಿದ್ದರೆ ಎಲ್ಲೆಡೆಯೂ ಎತ್ತರಕ್ಕೆ ಏಕೆ ಕಟ್ಟಬಾರದು? ಒಂದು ನಿವೇಶನದ ಮೇಲೆ ಎಷ್ಟು ಕಟ್ಟಬಹುದೆಂಬುದಕ್ಕೆ ನಗರದಲ್ಲಿ ಮಿತಿಯಿದೆ. ಅದನ್ನು ಎಫ್. ಎಸ್. ಐ. ಎಂದು ಕರೆಯುತ್ತಾರೆ. ೧,೦೦೦ ಚದರ ಮೀಟರಿನ ನಿವೇಶನಕ್ಕೆ ಈ ಮಿತಿಯು ೧ ಎಂದಿದ್ದರೆ ಎಲ್ಲ ಅಂತಸ್ತುಗಳೂ ಸೇರಿ ೧,೦೦೦ ಚದರ ಮೀಟರು ಕಟ್ಟಬಹುದು. ೫೦ ಚದರ ಮೀಟರಿನ ೨೦ ಮನೆಗಳಾಗುತ್ತವೆ. ಮಿತಿಯು ೩ ಆದರೆ ೬೦ ಮನೆಗಳು. ಒಂದೊಂದು ಮನೆಯ ಮೇಲೆ ಬೀಳುವ ನೆಲದ ಬೆಲೆ ಮೂರರಲ್ಲೊಂದು ಪಾಲಾಗಬೇಕು. ೧೯೯೧ರ ನಿಯಮಗಳಲ್ಲಿ ಮುಂಬಯಿಯ ಮಿತಿಯು ದ್ವೀಪನಗರದಲ್ಲಿ ೧.೩೩, ಉಪನಗರದಲ್ಲಿ ೧ ಎಂದಿತ್ತು. ಆಮೇಲೆ ಬಗೆಬಗೆಯ ವಿನಾಯಿತಿಗಳಿಂದ ಅದು ಏರುತ್ತ ಬಂದಿದೆ.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವೂ ಇದೆ. ೨೦ ಮನೆಗಳಿದ್ದಲ್ಲಿ ೬೦ ಮನೆಗಳಾದರೆ ನೀರು ಮೂರರಷ್ಟು ಬೇಕು, ಚರಂಡಿ ಮೂರರಷ್ಟು ಬೇಕು, ಶಾಲೆಯ ಬೆಂಚು ಮೂರರಷ್ಟು ಬೇಕು, ಬೆಳಗಿನ ಗಾಡಿಯಲ್ಲಿ ಸ್ಥಳವೂ ಮೂರರಷ್ಟು ಬೇಕು. ಇವು ಬಾರದೆ ಮನೆಗಳು ಮಾತ್ರ ಎದ್ದರೆ ಇಕ್ಕಟ್ಟು ಖೋಲಿಯಿಂದ ಹೊರಟು ರಸ್ತೆಗೂ ರೈಲಿಗೂ ಬರುತ್ತದೆ, ಅಷ್ಟೆ. ಮೇಲಾಗಿ ನೆಲದ ಬೆಲೆಯಲ್ಲಾದ ಉಳಿತಾಯವನ್ನು ಕಟ್ಟುವವನೇ ಇಟ್ಟುಕೊಂಡು, ಸಿರಿವಂತರಿಗಾಗಿ ೬೦ರ ಬದಲು ೧೫ ವಿಶಾಲವಾದ ಮನೆಗಳನ್ನು ಕಟ್ಟಿದರೆ ಬಡವನಿಗೆ ಬಂದ ಲಾಭವೇನೂ ಇಲ್ಲ.

ಬಾಡಿಗೆಯ ಕಾಯಿದೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಗರಕ್ಕೆ ಜನ ನುಗ್ಗಿ ಬಂದರು, ಸಿಮೆಂಟು ಉಕ್ಕುಗಳು ಯುದ್ಧಕ್ಕೆ ಹೋದುವು, ಮನೆಗಳು ಏಳಲಿಲ್ಲ. ದೇಶವಿಭಜನೆಯಿಂದ ನಿರಾಶ್ರಿತರೂ ಬಂದು ಸೇರಿದರು. ಮಾಲಿಕರು ಮನಬಂದಂತೆ ಬಾಡಿಗೆಯನ್ನೇರಿಸದಂತೆ ೧೯೪೭ರಲ್ಲಿ ಬಾಡಿಗೆ ನಿಯಂತ್ರಣ ಕಾಯಿದೆಯನ್ನು ತರಲಾಯಿತು. ೧೯೪೦ರ ಸೆಪ್ಟೆಂಬರಿನಲ್ಲಿದ್ದ ಬಾಡಿಗೆಯೇ ನ್ಯಾಯವಾದ ಬಾಡಿಗೆಯೆಂದು ಅದು ಗೊತ್ತುಮಾಡಿತು.

ಆ ಸಂಕಟದ ದಿನಗಳಲ್ಲಿ ಈ ಕಾಯಿದೆಯು ಬಡ ಬಾಡಿಗೆದಾರರಿಗೆ ರಕ್ಷಾಕವಚವಾಯಿತೆಂಬುದರಲ್ಲಿ ಸಂದೇಹವಿಲ್ಲ. ಸಾವಿರಾರು ಕನ್ನಡ ಸಂಸಾರಗಳು ಗಿರಗಾಂವ್, ಮಾಟುಂಗಾ, ವಡಾಲಾಗಳಲ್ಲಿ ನಿಲ್ಲಲು ಅದೇ ಆಧಾರ. ಆದರೆ ತಾತ್ಕಾಲಿಕವೆಂದು ಬಂದುದು ಐವತ್ತು ವರ್ಷ ಉಳಿಯಿತು. ಅಕ್ಕಿಯ ಬೆಲೆಯೇರಿತು, ಸುಣ್ಣದ ಬೆಲೆಯೇರಿತು, ಬಡಗಿಯ ಕೂಲಿಯೇರಿತು. ಬಾಡಿಗೆ ಮಾತ್ರ ಏರಲಿಲ್ಲ. ಬರುವ ಬಾಡಿಗೆಯಿಂದ ಹಂಚಿನ ಮಾಡಿನ ದುರಸ್ತಿಯೂ ಆಗದೆಂದು ಮಾಲಿಕರು ಕೈಬಿಟ್ಟರು. ಮಳೆಗಾಲದಲ್ಲಿ ಹಳೆಯ ಕಟ್ಟಡಗಳು ಕುಸಿದು ಜನರು ಸಾಯತೊಡಗಿದರು. ಕೊನೆಗೆ ೧೯೬೯ರಲ್ಲಿ ದುರಸ್ತಿ ಮಂಡಳಿಯೊಂದನ್ನು ಸ್ಥಾಪಿಸಿ, ಕಟ್ಟಡಗಳ ಮೇಲೆ ಸೆಸ್ ಎಂಬ ತೆರಿಗೆಯನ್ನು ಹಾಕಿ, ದ್ವೀಪನಗರದ ೧೯,೦೦೦ಕ್ಕೂ ಹೆಚ್ಚು ಹಳೆಯ ಕಟ್ಟಡಗಳ ದುರಸ್ತಿಯ ಭಾರವನ್ನು ಸರಕಾರವೇ ಹೊರಬೇಕಾಯಿತು.

ಇನ್ನೊಂದು ಪರಿಣಾಮವು ಇದಕ್ಕಿಂತ ದೂರಗಾಮಿ. ಬಾಡಿಗೆಗೆ ಕೊಟ್ಟ ಮನೆ ಮರಳಿ ಬಾರದೆಂಬ ಅಂಜಿಕೆಯಿಂದ ಬಾಡಿಗೆಗಾಗಿ ಹೊಸ ಮನೆ ಕಟ್ಟುವುದೇ ನಿಂತುಹೋಯಿತು. ಖೋಲಿ ಬೇಕಾದವನು ಬಾಡಿಗೆಯ ಹೊರತಾಗಿ ದೊಡ್ಡದೊಂದು ಗಂಟನ್ನು 'ಪಗಡಿ'ಯೆಂದು ಕೊಡಬೇಕಾಯಿತು. ಹೀಗೆ ಮೊದಲೇ ಬಂದು ನೆಲೆಸಿದವನಿಗೆ ಆಸರೆಯಾದ ಕಾಯಿದೆಯು ಆಮೇಲೆ ಬಂದವನಿಗೆ ಅಡ್ಡಗೋಡೆಯಾಯಿತು. ೧೯೪೦ರ ಬಾಡಿಗೆಯನ್ನೇ ಹಿಡಿದು ನಿಲ್ಲಿಸುವುದು ಕಾಲಕ್ರಮದಲ್ಲಿ ಅಸಮಂಜಸವಾಯಿತೆಂದು ೧೯೯೭ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅಭಿಪ್ರಾಯಪಟ್ಟಿತು. ೧೯೯೯ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯು ೨೦೦೦ದ ಮಾರ್ಚ್ ೩೧ರಿಂದ ಜಾರಿಗೆ ಬಂದು, ಹಳೆಯ ಬಾಡಿಗೆಯನ್ನು ವರ್ಷಕ್ಕೆ ನೂರಕ್ಕೆ ೪ರಂತೆ ಏರಿಸಲು ಅವಕಾಶ ಕೊಟ್ಟಿತು. ಪಗಡಿಯನ್ನೂ ಕಾಯಿದೆಯೊಳಗೆ ತಂದಿತು. ನೂರಕ್ಕೆ ೪ರಂತೆ ಏರಿದ ಬಾಡಿಗೆ ಇಮ್ಮಡಿಯಾಗಲು ಸುಮಾರು ೧೮ ವರ್ಷ ಬೇಕೆಂಬುದನ್ನು ಚಕ್ರಬಡ್ಡಿಯ ಲೆಕ್ಕ ಬಲ್ಲವರು ಮಾಡಿ ನೋಡಬಹುದು. ಆದುದರಿಂದಲೇ ಒಂದೇ ಬೀದಿಯಲ್ಲಿ ಹಳೆಯ ಬಾಡಿಗೆದಾರನು ಕೆಲವು ನೂರು ರೂಪಾಯಿ ಕೊಡುವುದನ್ನೂ, ಹೊಸದಾಗಿ ಬಂದವನು ಅಷ್ಟೇ ಚಿಕ್ಕ ಖೋಲಿಗೆ ಸಾವಿರಗಟ್ಟಲೆ ಕೊಡುವುದನ್ನೂ ಇಂದಿಗೂ ಕಾಣುತ್ತೇವೆ.

ಈಗ ಹೊಸಬರಿಗೆ ಸಿಗುವ ಮನೆಗಳು ಹೆಚ್ಚಾಗಿ ಹನ್ನೊಂದು ತಿಂಗಳ ಕರಾರಿನವು. ಕರಾರು ಮುಗಿದಾಗ ಬಾಡಿಗೆಯೇರುತ್ತದೆ. ಒಪ್ಪದಿದ್ದರೆ ಮನೆ ಬಿಡಬೇಕು. ದೊಡ್ಡವರಿಗೆ ಇದು ಸಾಮಾನು ಸಾಗಿಸುವ ತೊಂದರೆ. ಮಕ್ಕಳಿಗಾದರೋ ಶಾಲೆ, ಗುರುಗಳು, ಸಹಪಾಠಿಗಳು ಎಲ್ಲವನ್ನೂ ಬಿಟ್ಟುಹೋಗುವ ಸಂಕಟ.

ಗಾಡಿಯು ಕಟ್ಟಿದ ಊರು

ದ್ವೀಪನಗರದಲ್ಲಿ ಮನೆ ಸಿಗದವರನ್ನು ಉತ್ತರಕ್ಕೆ ಕೊಂಡೊಯ್ದುದು ರೈಲುಗಾಡಿ. ವಿರಾರಿನಿಂದ ಮುಂಬಯಿಗೆ ೧೮೬೭ರಲ್ಲಿ ಗಾಡಿ ಆರಂಭವಾಯಿತು. ೧೯೨೫ನೆಯ ಫೆಬ್ರವರಿ ೩ರಂದು ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ ಈ ದೇಶದ ಮೊದಲನೆಯ ವಿದ್ಯುತ್ ರೈಲು ಓಡಿತು. ವಿದ್ಯುತ್ ಗಾಡಿ ಬೇಗನೆ ವೇಗವೇರಬಲ್ಲುದು, ಬೇಗನೆ ನಿಲ್ಲಬಲ್ಲುದು. ಆದುದರಿಂದ ಸಮೀಪ ಸಮೀಪದಲ್ಲಿ ಸ್ಟೇಶನ್ನುಗಳನ್ನಿಟ್ಟು ಕೆಲವೇ ನಿಮಿಷಗಳಿಗೊಂದು ಗಾಡಿ ಬಿಡುವುದು ಸಾಧ್ಯವಾಯಿತು. ಗಾಡಿಯ ಹಿಂದೆ ಮನೆಗಳು ಹೋದುವು, ಮನೆಗಳ ಹಿಂದೆ ನಗರದ ಗಡಿ ಹೋಯಿತು. ೧೯೫೦ರಲ್ಲಿ ಜೋಗೇಶ್ವರಿ-ಭಾಂಡುಪಗಳವರೆಗೂ, ೧೯೫೭ರಲ್ಲಿ ದಹಿಸರ-ಮುಲುಂಡಗಳವರೆಗೂ ಬೃಹನ್ಮುಂಬಯಿಯ ಎಲ್ಲೆ ಹರಡಿತು. ೧೯೬೧ರಲ್ಲಿ ೪೧ ಲಕ್ಷವಿದ್ದ ಜನಸಂಖ್ಯೆಯು ಐವತ್ತು ವರ್ಷಗಳಲ್ಲಿ ಮೂರುಪಟ್ಟಾಯಿತು. ಆದರೆ ದ್ವೀಪನಗರದ ಜನಸಂಖ್ಯೆ ೨೦೦೧ರಲ್ಲಿ ೩೩ ಲಕ್ಷವಿದ್ದುದು ೨೦೧೧ರಲ್ಲಿ ೩೧ ಲಕ್ಷಕ್ಕೆ ಇಳಿಯಿತು. ಹೆಚ್ಚಳವೆಲ್ಲ ಉಪನಗರಗಳದು, ಅದನ್ನೂ ಮೀರಿ ಕಲ್ಯಾಣ, ಡೊಂಬಿವಲಿ, ವಸಯಿ, ವಿರಾರಗಳದು.

ಜನರು ಇಷ್ಟು ದೂರ ಏಕೆ ಹೋಗುತ್ತಾರೆ? ಊಹೆಯ ಲೆಕ್ಕವೊಂದನ್ನು ಮಾಡೋಣ. ಒಬ್ಬ ಗೃಹಸ್ಥನ ಸಂಬಳ ತಿಂಗಳಿಗೆ ೩೦,೦೦೦ ರೂಪಾಯಿ. ದುಡಿಮೆ ೨೦೦ ಗಂಟೆ. ಎಂದರೆ ಗಂಟೆಗೆ ೧೫೦ ರೂಪಾಯಿ. ಅವನ ಕಚೇರಿಗೆ ಸಮೀಪದ ಖೋಲಿಯ ಬಾಡಿಗೆ ೨೫,೦೦೦, ದೂರದ ಉಪನಗರದಲ್ಲಿ ಅಂತಹದೇ ಖೋಲಿಗೆ ೯,೦೦೦ ಎಂದಿಟ್ಟುಕೊಳ್ಳೋಣ. ದೂರ ಹೋದರೆ ೧೬,೦೦೦ ಉಳಿಯುತ್ತದೆ. ಆದರೆ ದಿನಕ್ಕೆ ಎರಡು ಗಂಟೆ ಹೆಚ್ಚು ಪ್ರಯಾಣ. ೨೫ ದಿನಗಳಿಗೆ ೫೦ ಗಂಟೆ. ೧೬,೦೦೦ವನ್ನು ೫೦ರಿಂದ ಭಾಗಿಸಿದರೆ ಗಾಡಿಯಲ್ಲಿ ಕಳೆದ ಒಂದೊಂದು ಗಂಟೆಗೂ ೩೨೦ ರೂಪಾಯಿ ಉಳಿದಂತಾಯಿತು! ದುಡಿಮೆಯ ಗಂಟೆಗಿಂತ ಗಾಡಿಯ ಗಂಟೆಯೇ ಇಮ್ಮಡಿ ಬೆಲೆಯುಳ್ಳದ್ದು. ಇನ್ನು ಲೋಕಲಿನ ತಿಂಗಳ ಪಾಸಿನ ದರವನ್ನು ಸುಮಾರು ೧೫ ಸಲದ ಒಂಟಿ ಪ್ರಯಾಣದ ದರಕ್ಕೆ ಸಮವಾಗಿ ಇಟ್ಟಿರುವುದರಿಂದ ಪ್ರಯಾಣದ ಖರ್ಚು ಅತ್ಯಲ್ಪ. ಹೀಗಿರಲು ಅವನು ದೂರ ಹೋಗದೆ ಏನು ಮಾಡಿಯಾನು? ಬಾಡಿಗೆಯಾಗಿ ಕೊಡಬೇಕಾದುದನ್ನು ಅವನು ಹಣದಿಂದ ಕೊಡದೆ ಆಯುಷ್ಯದಿಂದ ಕೊಡುತ್ತಾನೆ.

ಎಲ್ಲರೂ ಹೀಗೆಯೇ ಲೆಕ್ಕ ಹಾಕುವುದರಿಂದ ಗಾಡಿಯು ತುಂಬುತ್ತದೆ. ದಿನಕ್ಕೆ ೩,೦೦೦ಕ್ಕೂ ಮಿಕ್ಕಿ ಲೋಕಲ್ ಗಾಡಿಗಳು ಓಡಿದರೂ, ೯ ಡಬ್ಬಿಗಳ ಗಾಡಿ ೧೨ಕ್ಕೆ, ೧೫ಕ್ಕೆ ಬೆಳೆದರೂ, ಜನಸಂದಣಿಯ ಹೊತ್ತಿನಲ್ಲಿ ಒಂದು ಚದರ ಮೀಟರು ಜಾಗದಲ್ಲಿ ಹದಿನಾಲ್ಕು ಹದಿನಾರು ಜನ ನಿಲ್ಲುವ ಸ್ಥಿತಿಯಿದೆ. ಬಾಗಿಲಿನಿಂದ ಬಿದ್ದು, ಹಳಿ ದಾಟುವಾಗ ಸಿಕ್ಕಿ, ಪ್ರತಿವರ್ಷವೂ ಸಾವಿರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಳ್ಳುತ್ತಾರೆ. ೨೦೧೭ನೆಯ ಸೆಪ್ಟೆಂಬರ್ ೨೯ರಂದು ಎಲ್ಫಿನ್‌ಸ್ಟನ್ ರೋಡ್ ಸ್ಟೇಶನ್ನಿನ ಇಕ್ಕಟ್ಟಾದ ಸೇತುವೆಯ ಮೇಲೆ ನೂಕುನುಗ್ಗಲಾಗಿ ೨೩ ಜನರು ಮಡಿದರು. ಗಿರಣಿಗಳಿದ್ದ ಆ ಭಾಗದಲ್ಲಿ ಕಚೇರಿಗಳ ದೊಡ್ಡ ದೊಡ್ಡ ಕಟ್ಟಡಗಳೆದ್ದಿದ್ದುವು. ಸ್ಟೇಶನ್ನಿನ ಸೇತುವೆ ಮಾತ್ರ ಹಳೆಯದೇ ಉಳಿದಿತ್ತು. ಕಟ್ಟಡವೂ ಸಂಚಾರವೂ ಒಟ್ಟಿಗೆ ಬೆಳೆಯಬೇಕೆಂಬ ಮಾತಿಗೆ ಇದಕ್ಕಿಂತ ದುಃಖಕರವಾದ ಸಾಕ್ಷ್ಯ ಬೇಡ.

ಗಾಡಿ ಹಿಡಿಯಲಾಗದವರು

ದೂರ ಹೋಗುವ ಉಪಾಯವಾದರೂ ಎಲ್ಲರಿಗೂ ಸಲ್ಲುವುದಿಲ್ಲ. ನಸುಕಿನಲ್ಲಿ ಮೀನು ಕೊಳ್ಳಲು ಬಂದರಕ್ಕೆ ಹೋಗಬೇಕಾದವಳು, ನಡುರಾತ್ರಿ ಹೋಟೆಲಿನ ಬಾಗಿಲು ಹಾಕಿ ಮತ್ತೆ ಐದು ಗಂಟೆಗೆ ಒಲೆ ಹೊತ್ತಿಸಬೇಕಾದವನು, ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುವವಳು—ಇವರೆಲ್ಲ ಕೆಲಸದ ಪಕ್ಕದಲ್ಲಿಯೇ ಇರಬೇಕು. ಹಿಂದಿನ ದಿನಗಳಲ್ಲಿ ನಮ್ಮ ಊರುಗಳಿಂದ ಬಂದ ಹುಡುಗರು ಹೋಟೆಲಿನ ಬೆಂಚುಗಳ ಮೇಲೆಯೇ ಮಲಗಿ, ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದುದು ಈ ನಗರದ ಕನ್ನಡಿಗರ ಇತಿಹಾಸದಲ್ಲಿ ಮರೆಯಲಾಗದ ಅಧ್ಯಾಯ. ಅವರ ಛಲವನ್ನು ಕೊಂಡಾಡುವಾಗ, ಅವರಿಗೆ ಈ ನಗರದಲ್ಲಿ ಒಂದು ಖೋಲಿಯೂ ಎಟುಕುತ್ತಿರಲಿಲ್ಲವೆಂಬುದನ್ನೂ ನೆನೆಯಬೇಕು.

ಝೋಪಡಪಟ್ಟಿಗಳು ಬೆಳೆದುದು ಇದೇ ಕಾರಣದಿಂದ. ೨೦೧೧ರ ಜನಗಣತಿಯಂತೆ ನಗರದ ನೂರಕ್ಕೆ ಸುಮಾರು ೪೧ ಜನರು ಅವುಗಳಲ್ಲಿ ವಾಸಿಸುತ್ತಿದ್ದರು. ಧಾರಾವಿಯ ನಕ್ಷೆಯನ್ನು ನೋಡಿರಿ: ಮಾಹಿಮ, ಮಾಟುಂಗಾ, ಶೀವ—ಪಶ್ಚಿಮ ಮತ್ತು ಮಧ್ಯ ರೈಲುಮಾರ್ಗಗಳೆರಡರ ನಡುವೆ ಅದು ಇದೆ. ಕುಂಬಾರರೂ ಚರ್ಮದ ಕೆಲಸದವರೂ ದರ್ಜಿಗಳೂ ಅಲ್ಲಿ ಮನೆಯೊಳಗೇ ಉದ್ಯೋಗ ಮಾಡುತ್ತಾರೆ. ಝೋಪಡಪಟ್ಟಿಯ ಜನರು ಕೊಳಕನ್ನು ಬಯಸಿ ಅಲ್ಲಿರುವವರಲ್ಲ. ಕೆಲಸಕ್ಕೆ ಸಮೀಪವಾದ ನೆಲೆಯನ್ನು ಬಯಸಿದವರು. ಅವರನ್ನು ದೂರದ ಬಯಲಿಗೆ ಸಾಗಿಸಿ ಗಟ್ಟಿ ಗೋಡೆಯ ಮನೆ ಕೊಟ್ಟರೂ, ಕೆಲಸ ತಪ್ಪಿದರೆ ಅವರು ಮರಳಿ ಬರುತ್ತಾರೆ. ಇದ್ದಲ್ಲಿಯೇ ಉಚಿತವಾಗಿ ಮನೆ ಕಟ್ಟಿಕೊಟ್ಟು, ಉಳಿದ ಮನೆಗಳನ್ನು ಮಾರಿ ಕಟ್ಟುವವನು ಖರ್ಚನ್ನು ತುಂಬಿಕೊಳ್ಳುವ ಯೋಜನೆಯು ೧೯೯೫ರಲ್ಲಿ ಬಂದಿತು. ಅದರಿಂದ ಅನೇಕರಿಗೆ ಮನೆಯಾಯಿತು. ಆದರೆ ಕಟ್ಟಡಗಳನ್ನು ಒಂದಕ್ಕೊಂದು ತಾಗುವಂತೆ ಕಟ್ಟಿದಲ್ಲಿ ಗಾಳಿ ಬೆಳಕುಗಳಿಗೆ ಕೊರತೆಯಾಯಿತು.

ಪರಿಹಾರದ ಹಾದಿ

ಇದಕ್ಕೆ ಪರಿಹಾರವೇ ಇಲ್ಲವೆ? ಇದೆ, ಆದರೆ ಒಂದೇ ಮದ್ದಿನಿಂದ ಗುಣವಾಗುವ ರೋಗವಲ್ಲ ಇದು.

ಮೊದಲನೆಯದು, ಕೆಲಸವನ್ನೇ ಬೇರೆಡೆಗೆ ಒಯ್ಯುವುದು. ಕೊಲ್ಲಿಯಾಚೆ ಹೊಸ ನಗರವನ್ನು ಕಟ್ಟಬೇಕೆಂದು ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹತಾ, ಶಿರೀಷ ಪಟೇಲ ಎಂಬ ಮೂವರು ೧೯೬೫ರಲ್ಲಿ ಸೂಚಿಸಿದರು. ೧೯೭೦ರಲ್ಲಿ ಸಿಡ್ಕೊ ಸಂಸ್ಥೆ ಸ್ಥಾಪಿತವಾಗಿ ನವಿಮುಂಬಯಿ ಏಳತೊಡಗಿತು. ಆದರೆ ಮಾನಖುರ್ದದಿಂದ ವಾಶಿಗೆ ರೈಲು ಬಂದುದು ೧೯೯೨ರಲ್ಲಿ. ಎರಡು ದಶಕಗಳ ಕಾಲ ಮನೆಯಿತ್ತು, ಗಾಡಿಯಿರಲಿಲ್ಲ. ಆದುದರಿಂದ ಊರು ನಿಧಾನವಾಗಿ ಬೆಳೆಯಿತು. ಆ ರೈಲುಮಾರ್ಗದ ಖರ್ಚಿನ ಸುಮಾರು ಮೂರರಲ್ಲೆರಡು ಪಾಲನ್ನು ಸಿಡ್ಕೊ ಸಂಸ್ಥೆಯೇ ವಹಿಸಿತೆಂಬುದು ಗಮನಾರ್ಹ. ಗಾಡಿ ಬಂದೊಡನೆ ಸುತ್ತಲಿನ ನೆಲದ ಬೆಲೆ ಏರುತ್ತದೆ. ಆ ಏರಿಕೆ ಭೂಮಾಲಿಕನ ದುಡಿಮೆಯಿಂದ ಬಂದುದಲ್ಲ, ಸಾರ್ವಜನಿಕರ ಹಣದಿಂದ ಬಂದುದು. ಆದುದರಿಂದ ಅದರ ಒಂದು ಪಾಲು ಸಾರ್ವಜನಿಕ ಕಾರ್ಯಕ್ಕೆ ಮರಳುವುದು ನ್ಯಾಯ.

ಎರಡನೆಯದು, ಸಂಚಾರವನ್ನು ಹೆಚ್ಚಿಸುವುದು. ೨೦೧೪ರಲ್ಲಿ ವರ್ಸೋವಾ-ಘಾಟಕೋಪರ ಮಾರ್ಗದಿಂದ ಮುಂಬಯಿಯ ಮೆಟ್ರೋ ಆರಂಭವಾಯಿತು. ಆರೆಯಿಂದ ಕಫ್ ಪರೇಡಿನವರೆಗಿನ ೩೩.೫ ಕಿಲೋಮೀಟರಿನ ಭೂಗತ ಮಾರ್ಗವು ೨೦೨೫ರ ಅಕ್ಟೋಬರಿನಲ್ಲಿ ಪೂರ್ಣವಾಯಿತು. ಇವುಗಳಿಂದ ಹೊತ್ತು ಉಳಿಯುವುದು ನಿಶ್ಚಯ. ಆದರೆ ಮೆಟ್ರೋ ಸ್ಟೇಶನ್ನಿನ ಪಕ್ಕದ ಬಾಡಿಗೆ ಏರಿ, ಅಲ್ಲಿದ್ದ ಬಡ ಬಾಡಿಗೆದಾರನೇ ಎದ್ದು ಹೋಗಬೇಕಾದರೆ ಗಾಡಿಯು ಯಾರಿಗಾಗಿ ಬಂದಂತಾಯಿತು? ಸ್ಟೇಶನ್ನುಗಳ ಸುತ್ತಲೂ ಸಾಮಾನ್ಯರಿಗೆ ಎಟುಕುವ ಬಾಡಿಗೆಯ ಮನೆಗಳಿರುವಂತೆ ಮೊದಲೇ ಏರ್ಪಡಿಸಿದರೆ ಮಾತ್ರ ಈ ಪ್ರಶ್ನೆಗೆ ಉತ್ತರ ದೊರಕೀತು.

ಮೂರನೆಯದು, ಸರಕಾರವೂ ಸಹಕಾರ ಸಂಘಗಳೂ ಮನೆ ಕಟ್ಟುವುದು. ಸಿಂಗಾಪುರವೂ ನಮ್ಮಂತೆಯೇ ದ್ವೀಪ. ಅಲ್ಲಿ ೧೯೬೦ರಲ್ಲಿ ಸ್ಥಾಪಿತವಾದ ಗೃಹಮಂಡಳಿಯು ಕಟ್ಟಿದ ಮನೆಗಳಲ್ಲಿ ಇಂದು ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ನಿವಾಸಿಗಳಿದ್ದಾರೆ. ಆ ಬಡಾವಣೆಗಳಿಗೆ ರೈಲು, ಬಸ್ಸು, ಶಾಲೆಗಳನ್ನು ಮನೆಯೊಡನೆಯೇ ಯೋಜಿಸುತ್ತಾರೆ. ಆಸ್ಟ್ರಿಯಾದ ವಿಯೆನ್ನಾದಲ್ಲಿ ೧೯೨೦ರ ದಶಕದಿಂದ ನಗರಸಭೆಯೇ ಬಾಡಿಗೆಯ ಮನೆಗಳನ್ನು ಕಟ್ಟುತ್ತ ಬಂದಿದೆ. ಇಂದು ಅಲ್ಲಿಯ ಸುಮಾರು ಅರ್ಧದಷ್ಟು ಜನರು ನಗರಸಭೆಯ ಇಲ್ಲವೆ ಸರಕಾರದ ನೆರವಿನ ಮನೆಗಳಲ್ಲಿದ್ದಾರೆ. ನಮ್ಮ ಬಿ. ಡಿ. ಡಿ. ಚಾಳುಗಳೂ ಅದೇ ಕಾಲದವು. ಅವರು ಮುಂದುವರಿಸಿದರು, ನಾವು ಬೇಗನೆ ನಿಲ್ಲಿಸಿದೆವು.

ವಿದ್ಯಾರ್ಥಿಗಳು ತಿಳಿಯಬೇಕಾದುದು

ಈ ವಿಷಯವು ನಮ್ಮಂತಹ ಶಾಲೆಗಳ ಅಳಿವು ಉಳಿವಿಗೂ ಸಂಬಂಧಿಸಿದುದು. ಕನ್ನಡ ಶಾಲೆಯೆಂಬುದು ಅದರ ಸುತ್ತಲೂ ನಡೆದು ಬರುವಷ್ಟು ದೂರದಲ್ಲಿ ಕನ್ನಡ ಸಂಸಾರಗಳಿದ್ದರೆ ಬಾಳುತ್ತದೆ. ಹತ್ತಿರದ ಚಾಳುಗಳಲ್ಲಿದ್ದವರು ವಿರಾರಿಗೂ ಡೊಂಬಿವಲಿಗೂ ಚದರಿಹೋದರೆ, ಏಳು ವರ್ಷದ ಮಗುವನ್ನು ಬೆಳಗಿನ ಗಾಡಿಯಲ್ಲಿ ನೂಕಿ ಕನ್ನಡ ಶಾಲೆಗೆ ಕಳುಹಿಸುವ ಧೈರ್ಯ ಯಾವ ತಾಯಿಗಿದೆ? ಮಗುವು ಪಕ್ಕದ ಯಾವುದೋ ಶಾಲೆಗೆ ಸೇರುತ್ತದೆ. ಭಾಷಾಭಿಮಾನದ ಕೊರತೆಯೊಂದರಿಂದಲೇ ತರಗತಿಗಳು ಬರಿದಾಗುತ್ತವೆಂದು ಹೇಳುವುದು ಪೂರ್ಣ ಸತ್ಯವಲ್ಲ. ಬಾಡಿಗೆಯ ಪಾಲೂ ಅದರಲ್ಲಿದೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಮನೆ ಚಿಕ್ಕದೆಂದು ನಾಚಬೇಕಾದುದಿಲ್ಲ. ಅದು ನಿಮ್ಮ ತಂದೆತಾಯಿಗಳ ಸೋಲಲ್ಲ. ಏಳು ದ್ವೀಪಗಳ ನೆಲ, ನೂರಾರು ವರ್ಷಗಳ ಇತಿಹಾಸ, ಮಾಡಿದ ಮತ್ತು ಮಾಡದೆ ಬಿಟ್ಟ ಯೋಜನೆಗಳು ಎಲ್ಲ ಸೇರಿ ಅದಕ್ಕೆ ಆ ಅಳತೆಯನ್ನು ಕೊಟ್ಟಿವೆ. ಬಿಡುವಿನ ದಿನ ನಿಮ್ಮ ಖೋಲಿಯ ಉದ್ದಗಲಗಳನ್ನು ಅಳೆದು, ಮನೆಯ ಮಂದಿಯ ಸಂಖ್ಯೆಯಿಂದ ಭಾಗಿಸಿ ನೋಡಿರಿ. ತಂದೆಯವರು ವಾರಕ್ಕೆ ಎಷ್ಟು ಗಂಟೆ ಗಾಡಿಯಲ್ಲಿ ಕಳೆಯುತ್ತಾರೆಂದು ಕೇಳಿ ಬರೆದಿಡಿರಿ. ಅಜ್ಜನೋ ಅಜ್ಜಿಯೋ ಇದ್ದರೆ ಅವರು ಈ ನಗರಕ್ಕೆ ಬಂದಾಗ ಎಲ್ಲಿದ್ದರು, ಎಷ್ಟು ಬಾಡಿಗೆ ಕೊಟ್ಟರು ಎಂಬುದನ್ನು ವಿಚಾರಿಸಿರಿ. ನಿಮ್ಮ ಸಹಪಾಠಿಗಳ ಲೆಕ್ಕಗಳನ್ನು ಒಟ್ಟುಗೂಡಿಸಿದರೆ ಈ ನಗರದ ಚರಿತ್ರೆಯ ಒಂದು ಪುಟವೇ ಸಿದ್ಧವಾಗುತ್ತದೆ.

ನಾಳೆ ನಿಮ್ಮಲ್ಲಿ ಕೆಲವರು ಎಂಜಿನಿಯರರಾಗುವಿರಿ, ಕೆಲವರು ವಕೀಲರಾಗುವಿರಿ, ಕೆಲವರು ನಗರಸಭೆಯಲ್ಲಿ ಕುಳಿತುಕೊಳ್ಳುವಿರಿ. ಎಲ್ಲರೂ ಮತದಾರರಂತೂ ಆಗಿಯೇ ಆಗುವಿರಿ. ಅಂದು ಹೊಸ ಗೋಪುರವೊಂದರ, ಹೊಸ ರೈಲುಮಾರ್ಗವೊಂದರ ನಕ್ಷೆ ನಿಮ್ಮ ಮುಂದೆ ಬಂದಾಗ ಎರಡು ಪ್ರಶ್ನೆಗಳನ್ನು ಕೇಳಲು ಮರೆಯಬೇಡಿರಿ: ಇಲ್ಲಿ ದುಡಿಯುವವನು ಇಲ್ಲಿ ಇರಬಲ್ಲನೆ? ಇರಲಾರದಿದ್ದರೆ ಅವನು ಎಷ್ಟು ಹೊತ್ತಿಗೆ ಮನೆ ಸೇರುತ್ತಾನೆ?